ಶೀಲ್ಡಪ್ಪ ಬರೆದ ಫಲಕ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಕಪ್ಪು, ಶೀಲ್ಡು, ನೆನಪಿನ ಕಾಣಿಕೆ ಮಾಡಿಕೊಡುವ ಅಂಗಡಿಯೊಂದಿದೆ. ಅದರ ಒಡೆಯನಿಗೆ ಹೆತ್ತವರು ಇಟ್ಟ ಹೆಸರು ಏನಿತ್ತೋ, ಬೀದಿಯವರೆಲ್ಲ ಅವನನ್ನು ಕರೆಯುವುದು ಶೀಲ್ಡಪ್ಪ ಎಂದು. ಎದುರಿಗೆ ಮಾತ್ರ ‘ಸಾರ್’.

ಜನರನ್ನು ಶೀಲ್ಡಪ್ಪನಷ್ಟು ಕೀಳಾಗಿ ಕಂಡ ಮನುಷ್ಯ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಪೂರ್ತಿ ಅವನ ತಪ್ಪೂ ಅಲ್ಲವೆನ್ನಿ. ಬೆಳಗಿನಿಂದ ಸಂಜೆಯವರೆಗೆ ಇನ್ನೊಬ್ಬರ ಹೊಗಳಿಕೆಯನ್ನು ಹಿತ್ತಾಳೆಯ ಮೇಲೆ ಕೊರೆಯುವವನಿಗೆ ಹೊಗಳಿಕೆಯ ಮೇಲೆ ಮರ್ಯಾದೆ ಉಳಿಯುವುದಾದರೂ ಹೇಗೆ? ಮೂರೇ ತಂಡ ಆಡಿದ ಪಂದ್ಯಾವಳಿಯಲ್ಲಿ ಮೂರನೆಯದಾಗಿ ಬಂದವರಿಗೆ ಮೊಳದುದ್ದದ ಕಪ್ಪು. ತನಗೆ ತಾನೇ ಸನ್ಮಾನ ಇಟ್ಟುಕೊಂಡು, ಅದರ ಶೀಲ್ಡಿಗೆ ತಾನೇ ಬಂದು ಚೌಕಾಸಿ ಮಾಡುವ ಕ್ಲಬ್ಬಿನ ಕಾರ್ಯದರ್ಶಿ. ಹೆಸರಿನ ಹಿಂದೆ ‘ಸಮಾಜ ಸೇವಕ’ ಎಂದು ಹಾಕಲೇಬೇಕೆಂದು ಹಟ ಹಿಡಿದು, ಅಂಗಡಿಯ ಮುಂದೆಯೇ ಗಾಡಿ ಅಡ್ಡ ನಿಲ್ಲಿಸಿ ಅರ್ಧ ಬೀದಿಯ ದಾರಿ ಕಟ್ಟುವ ಮಹಾನುಭಾವ. ಇವರೆಲ್ಲ ಚೀಟಿಯಲ್ಲಿ ಬರೆದು ತಂದ ಮಾತನ್ನು, ಅಂದರೆ ಅಂಗಡಿಯ ಭಾಷೆಯಲ್ಲಿ ‘ಮ್ಯಾಟರ್’ ಅನ್ನುವುದನ್ನು, ಶೀಲ್ಡಪ್ಪನ ಮುಂದಿಟ್ಟು, “ಹೇಗಿದೆ ಸಾರ್?” ಎಂದು ಹಲ್ಲು ಕಿರಿಯುತ್ತಿದ್ದರು. ಶೀಲ್ಡಪ್ಪ ಚೀಟಿಯನ್ನು ದೂರ ಹಿಡಿದು ನೋಡಿ, ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: “ಅಕ್ಷರ ಚೆನ್ನಾಗಿ ಬರುತ್ತೆ ಬಿಡಿ.” ಅದು ಮೆಚ್ಚುಗೆಯೆಂದು ತಿಳಿದು ಅವರು ಖುಷಿಯಾಗಿ ಹೋಗುತ್ತಿದ್ದರು.

ಮನೆಗೆ ಬಂದು ಊಟಕ್ಕೆ ಕೂತಾಗ ಅವರೆಲ್ಲರ ಚರ್ಮ ಸುಲಿಯುವ ಕಾರ್ಯಕ್ರಮ. ಕೇಳುವವಳು ಹೆಂಡತಿಯೊಬ್ಬಳೇ.

“ಇವತ್ತೊಬ್ಬ ಬಂದಿದ್ದ. ರಿಟೈರ್ ಆಗ್ತಿರೋ ಅವನ ಆಫೀಸರಿಗೆ ಫಲಕ ಬೇಕಂತೆ. ಏನ್ ಕೆಲ್ಸ ಮಾಡ್ತಿದ್ರಪ್ಪಾ ಅವ್ರು ಅಂದ್ರೆ ತಲೆ ಕೆರ್ಕೊಂಡ. ಹಂಗಾದ್ರೆ ‘ದೀರ್ಘಕಾಲದ ಅಮೂಲ್ಯ ಸೇವೆಯ ಸವಿನೆನಪಿಗಾಗಿ’ ಅಂತ ಹಾಕ್ಲಾ ಅಂದೆ. ಹಾಕಿ ಸಾರ್, ಅದೇ ಹಾಕಿ ಅಂದ. ತಿಳ್ಕೋ, ಅಮೂಲ್ಯ ಸೇವೆ ಅಂತ ಎಲ್ಲಿ ಕಂಡ್ರೂ, ಆ ಮನುಷ್ಯ ಏನ್ ಮಾಡ್ದ ಅಂತ ಯಾರಿಗೂ ಗೊತ್ತಿಲ್ಲ ಅಂತ ಅರ್ಥ.”

ಹೆಂಡತಿ ನಗುತ್ತಿದ್ದಳು. ಅವಳು ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಹೊರಗಿನಿಂದ ಬಂದ ಕರೆಗಳನ್ನು ವಾರ್ಡುಗಳಿಗೆ ದಾಟಿಸುವ ಕೆಲಸ. ಇಡೀ ದಿನ ಪರರ ಗೋಳು ಕೇಳಿದ ಕಿವಿಗೆ ಗಂಡನ ಕುಹಕ ಕೇಳುವ ತಾಳ್ಮೆಯೂ ಇತ್ತು. ಮದುವೆಯಾದಾಗಿನಿಂದ ಅವನ ಬಾಯಿಂದ ಅವಳು ಕೇಳಿದ ದೊಡ್ಡ ಪ್ರಶಸ್ತಿಯೆಂದರೆ ‘ಪರವಾಗಿಲ್ಲ’. ಅಡುಗೆಗೂ ಅದೇ, ಅವಳಿಗೆ ಬಡ್ತಿ ಬಂದಾಗಲೂ ಅದೇ, ದೊಡ್ಡ ಆಪರೇಷನ್ ಆಗಿ ಆರು ತಿಂಗಳು ಒದ್ದಾಡಿ ಎದ್ದು ನಿಂತಾಗಲೂ ಅದೇ.

ಹೀಗಿರುವಾಗ ಅವಳ ನಿವೃತ್ತಿಯ ದಿನ ಹತ್ತಿರ ಬಂತು. ಆಸ್ಪತ್ರೆಯವರು ಸೇರಿ ಫಲಕ ಕೊಡುವುದೆಂದಾಯಿತು. ಫಲಕ ಮಾಡಿಸುವುದೆಂದರೆ ಶೀಲ್ಡಪ್ಪನ ಅಂಗಡಿಯಲ್ಲೇ ಅಲ್ಲವೆ. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸ್ವತಃ ಅಂಗಡಿಗೆ ಬಂದ. ಮಾತಾಡುವಾಗ ಎದುರಿನವರ ಭುಜ ತಟ್ಟುವ ಚಾಳಿಯವನು. ಶೀಲ್ಡಪ್ಪನಿಗೆ ಅಂಥವರನ್ನು ಕಂಡರೆ ಮೈಯೆಲ್ಲ ಉರಿ.

“ಮ್ಯಾಟರ್ ಮಾತ್ರ ನೀವೇ ಬರೀಬೇಕು ಸಾರ್,” ಎಂದು ಅವನು ಭುಜ ತಟ್ಟಿದ. “ನಿಮಗಿಂತ ಚೆನ್ನಾಗಿ ಅವ್ರನ್ನ ಬಲ್ಲೋರು ಯಾರಿದಾರೆ? ನಾನಾಗ್ಲೇ ಅವ್ರಿಗೂ ಹೇಳ್ಬಿಟ್ಟಿದೀನಿ, ನಿಮ್ಮ ಯಜಮಾನ್ರೇ ಬರೀತಾರೆ ಅಂತ.”

ಆ ಸಂಜೆ ಹೆಂಡತಿ ತಟ್ಟೆ ಇಡುತ್ತ, ಅವನ ಮುಖ ನೋಡದೆ ಕೇಳಿದಳು. “ನೀವೇ ಬರೀತೀರಂತೆ?”

“ಹೂಂ.”

“ಏನ್ ಬರೀತೀರಿ?”

“ಕೊರೆದಾಗ ನೋಡು.”

ಅವಳು ಪಾತ್ರೆ ತೊಳೆಯುವಾಗ ಸಣ್ಣಗೆ ಏನೋ ಗುನುಗುತ್ತಿದ್ದಳು. ಶೀಲ್ಡಪ್ಪನಿಗೆ ಅದು ಕೇಳಿಸಿತು. ಅವಳಿಗೆ ಆ ನಾಲ್ಕು ಮಾತು ಎಷ್ಟು ಬೇಕಾಗಿದೆ ಎನ್ನುವುದು ಅವನಿಗೆ ತಿಳಿಯದೆ ಇರಲಿಲ್ಲ. ಆದರೆ ಸಾವಿರಾರು ಫಲಕ ಕೊರೆದವನು ಸ್ವಂತವಾಗಿ ಒಂದು ಸಾಲು ಬರೆದವನಲ್ಲ.

ಬರೆಯಲು ಬೇಕಾದ್ದು ಮನೆಯ ಕಂಪ್ಯೂಟರ್. ಅಂಗಡಿಯಲ್ಲಿರುವುದು ಕೊರೆಯುವ ಯಂತ್ರಕ್ಕೆ ಕಟ್ಟಿಹಾಕಿದ ಮುದಿ ಪೆಟ್ಟಿಗೆ. ತೀರಾ ಬೇಕಾದರೆ ಒಂದೆರಡು ಸಾಲು ಹೊಡೆಯಬಹುದು, ಉಳಿದಂತೆ ಕೊಟ್ಟದ್ದನ್ನು ಕೊರೆಸುವುದಷ್ಟೇ ಅದಕ್ಕೆ ಗೊತ್ತು. ಆದ್ದರಿಂದ ಶೀಲ್ಡಪ್ಪ ಅಕ್ಷರಗಳನ್ನೆಲ್ಲ ಮನೆಯಲ್ಲಿ ಜೋಡಿಸಿ, ಪೆನ್ ಡ್ರೈವಿನಲ್ಲಿ ತುಂಬಿಕೊಂಡು, ಅದನ್ನು ಅಂಗಿಯ ಜೇಬಿನಲ್ಲಿಟ್ಟು ಅಂಗಡಿಗೆ ಹೋಗುತ್ತಿದ್ದ. ಅವನ ಇಡೀ ವ್ಯಾಪಾರ ನಡೆದದ್ದು ಆ ಹೆಬ್ಬೆರಳುದ್ದದ ಕಡ್ಡಿಯ ಮೇಲೆ. ಈಗ ನೋಡಿದರೆ ಮನೆಯ ಕಂಪ್ಯೂಟರ್ರೂ ಸಾಯಲು ಕೂತಿತ್ತು. ಚಾಲೂ ಮಾಡಿ ಸ್ನಾನ ಮುಗಿಸಿ ಬಂದರೂ ತೆರೆಯ ನಡುವೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಂದು ಅಕ್ಷರ ಒತ್ತಿದರೆ ಅದು ಬರುವಷ್ಟರಲ್ಲಿ ಏನು ಬರೆಯಬೇಕೆಂದಿದ್ದನೋ ಅದೇ ಮರೆತುಹೋಗುತ್ತಿತ್ತು.

ಆ ಭಾನುವಾರ ಬಂದ ಭಾಮೈದ.

ಭಾಮೈದನ ವಿಷಯವನ್ನು ಸ್ವಲ್ಪ ಹೇಳಲೇಬೇಕು. ನೀರಿನ ಫಿಲ್ಟರ್ ಮಾರುವ ಕೆಲಸ. ಬಾಯಿಗೆ ಮಾತ್ರ ಫಿಲ್ಟರ್ ಇಲ್ಲ. ಒಂದು ಮಾತನ್ನು ಮೂರು ಸಲ ಹೇಳದೆ ಬಿಡುವವನಲ್ಲ. ಒಂದು ಹುಚ್ಚು ಬಿಟ್ಟರೆ ಇನ್ನೊಂದು ಹಿಡಿಯುವವನು. ಹಿಂದೊಮ್ಮೆ ಮೀನು ಸಾಕಿದ. ಅವು ಒಂದನ್ನೊಂದು ತಿಂದವು. ಆಮೇಲೆ ತಾರಸಿಯ ಮೇಲೆ ಜೇನುಪೆಟ್ಟಿಗೆ ಇಟ್ಟ. ಅಕ್ಕಪಕ್ಕದವರ ಮುಖ ಊದಿದವು. ಅಯಸ್ಕಾಂತದ ಹಾಸಿಗೆ ತಂದು ಅಕ್ಕನನ್ನು ಅದರ ಮೇಲೆ ಮಲಗಿಸಿದ. ಅವಳ ಬೆನ್ನು ಇನ್ನಷ್ಟು ಹಿಡಿದುಕೊಂಡಿತು. ಈಗಿನ ಹುಚ್ಚು ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ಬಿಟ್ಟಿ ತಂತ್ರಾಂಶ. ಶೀಲ್ಡಪ್ಪ ಅವನನ್ನು ಕಂಡರೆ ಮಾತು ಕೇಳುವುದಿರಲಿ, ಕಿವಿಯನ್ನೇ ಬೇರೆ ಕಡೆ ಇಟ್ಟುಬಿಡುತ್ತಿದ್ದ.

“ಭಾವಾ, ಈ ಹಳೇ ಡಬ್ಬಾಕ್ಕೆ ಹೊಸ ಜೀವ ಬರ್ಸ್ತೀನಿ ನೋಡಿ,” ಎಂದು ಬಿಸ್ಕತ್ತು ಕಡಿಯುತ್ತಲೇ ತನ್ನದೊಂದು ಪೆನ್ ಡ್ರೈವ್ ಸಿಕ್ಕಿಸಿದ. “ಹೊಸ ಡೆಸ್ಕ್‌ಟಾಪು, ಅಂದ್ರೆ ತೆರೆ ಮೇಲೆ ಕಾಣೋದೆಲ್ಲಾ ಹೊಸದು, ಈಗ ತಾನೇ ಬಂದಿರೋದು. ಬಿಟ್ಟಿ. ಪೂರ್ತಿ ಬಿಟ್ಟಿ. ವೈರಸ್ಸೂ ಇಲ್ಲ, ಗಿಯಿರಸ್ಸೂ ಇಲ್ಲ.”

ತೆರೆ ಕಪ್ಪಾಗಿ, ಬಿಳಿಯ ಸಾಲುಗಳು ಸರಸರ ಓಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ದೊಡ್ಡದೊಂದು ತಿಮಿಂಗಿಲದ ಚಿತ್ರ ಬಂದು ನಿಂತಿತು. ಕೆಳಗೆ ಬಣ್ಣಬಣ್ಣದ ಗುಂಡಿಗಳು. ನಡುವೆ ‘ಸುಸ್ವಾಗತ’ ಎಂಬ ಫಲಕ.

“ಇದೇನು, ಮೀನಂಗಡಿನಾ?” ಎಂದ ಶೀಲ್ಡಪ್ಪ.

“ಅಲ್ಲ ಭಾವಾ, ಥೀಮು! ಬೇಕಂದ್ರೆ ಬದಲಾಯಿಸ್ಬೋದು. ನೋಡಿ ಇಲ್ಲಿ, ಈ ಕಿಟಕಿ ಹಿಡಿದೆಳೆದ್ರೆ ಹೆಂಗೆ ಅಲ್ಲಾಡತ್ತೆ!”

ಕಿಟಕಿ ನಿಜವಾಗಿಯೂ ಅಲ್ಲಾಡಿತು, ನೀರಲ್ಲಿ ನೆನೆದ ರೊಟ್ಟಿಯ ಹಾಗೆ. “ಅಲ್ಲಾಡಿದ್ರೆ ಏನು ಲಾಭ?” ಎಂದು ಶೀಲ್ಡಪ್ಪ ಕೇಳಿದ. ಉತ್ತರ ಹೊಳೆಯದಾಗ ಇನ್ನೂ ಹೆಚ್ಚು ಮಾತಾಡುವುದು ಭಾಮೈದನ ಸ್ವಭಾವ. ಮುಚ್ಚುವ ಗುಂಡಿ ಎಡಕ್ಕೂ ಹಾಕಬಹುದು ಬಲಕ್ಕೂ ಹಾಕಬಹುದು ಎಂದ. ಗುಂಡಿಗಳನ್ನು ಉರುಟು ಮಾಡಿದ, ಚೌಕ ಮಾಡಿದ. ಬರೆಯುವ ಪ್ರೋಗ್ರಾಮು ತೋರಿಸಿದ, ಮೂಲೆಯ ಗುರುತು ಒತ್ತಿದರೆ ಲಿಪಿ ಬದಲಾಗುವುದನ್ನು ತೋರಿಸಿದ. ಕೊನೆಗೆ ಅಂಗಿಯ ಮೇಲಿನ ಬಿಸ್ಕತ್ತಿನ ಪುಡಿ ಕೊಡವುತ್ತ ಹೇಳಿದ:

“ಒಂದು ವಿಷ್ಯ ಭಾವಾ. ಇದು ಇನ್ನೂ ಕಂಪ್ಯೂಟರ್ ಒಳಗೆ ಕೂತಿಲ್ಲ. ಬರೀ ಪೆನ್ ಡ್ರೈವಿಂದ ಓಡ್ತಿದೆ. ಸುಮ್ನೆ ಟ್ರಯಲ್ಲು. ಆಫ್ ಮಾಡಿದ್ರೆ ನೀವು ಮಾಡಿದ್ದೇನೂ ಉಳಿಯಲ್ಲ, ಎಲ್ಲಾ ಅಳಿಸಿಹೋಗತ್ತೆ. ನಾಕ್ ದಿನ ಆಡಿಸಿ ನೋಡಿ, ಇಷ್ಟ ಆದ್ರೆ ಬಂದು ಪರ್ಮನೆಂಟಾಗಿ ಹಾಕ್ಕೊಡ್ತೀನಿ. ಅಲ್ಲೀವರ್ಗೂ ಅಂಗಡಿ ಕೆಲ್ಸ ಇದ್ರಲ್ಲಿ ಮಾಡ್ಬೇಡಿ.”

ಈ ಮಾತನ್ನೂ ಅವನು ಮೂರು ಸಲ ಹೇಳಿದ. ಓದುಗರು ಇದನ್ನು ಕಿವಿಯಲ್ಲಿಟ್ಟುಕೊಳ್ಳಬೇಕು, ಶೀಲ್ಡಪ್ಪ ಇಟ್ಟುಕೊಳ್ಳಲಿಲ್ಲ. ಬಿಸ್ಕತ್ತಿನ ಪುಡಿ ಎಲ್ಲೆಲ್ಲಿ ಬಿತ್ತು ಎಂದು ನೋಡುವುದರಲ್ಲಿ ಅವನು ಮಗ್ನನಾಗಿದ್ದ. ಗುಡಿಸುವವರು ಯಾರು? ಇವನಕ್ಕ. “ಸರಿ ಸರಿ, ಗೊತ್ತಾಯ್ತು,” ಎಂದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಮ್ಮನಿಗೆ ಹೇಳಿದಳು, “ನಿಮ್ಮ ಭಾವ ನನ್ನ ಫಲಕಕ್ಕೆ ಮ್ಯಾಟರ್ ಬರೀತಾರೆ ಕಣೋ, ಅವ್ರೇ ಸ್ವಂತ.” ತಮ್ಮ ಬಾಯಿ ತೆರೆದು ಭಾವನನ್ನು ನೋಡಿದ. ಶೀಲ್ಡಪ್ಪ ಮುಖ ಗಂಟಿಕ್ಕಿಕೊಂಡ.

ಅವನು ಹೋದ ಮೇಲೆ ಶೀಲ್ಡಪ್ಪ ಮಾಡಿದ ಮೊದಲ ಕೆಲಸ ತಿಮಿಂಗಿಲವನ್ನು ಓಡಿಸಿದ್ದು. ಹುಡುಕಿ ಹುಡುಕಿ ಬೂದುಬಣ್ಣದ ಖಾಲಿ ಗೋಡೆಯಂಥ ಚಿತ್ರ ಹಾಕಿದ. ಕಿಟಕಿಗಳ ಅಲ್ಲಾಟವನ್ನೂ ನಿಲ್ಲಿಸಿದ. ಆಮೇಲೆ ಆಫ್ ಮಾಡಿ ಮಲಗಿದ.

ಸಮಾರಂಭ ಶುಕ್ರವಾರ. ಗುರುವಾರ ಅಂಗಡಿಗೆ ಬೀಗ ಹಾಕಿಯೇ ಇಟ್ಟು ಅವನು ಕಂಪ್ಯೂಟರ್ ಮುಂದೆ ಕೂತ. ಹೆಂಡತಿ ಬೆಳಗಿನ ಪಾಳಿಗೆ ಹೋಗಿದ್ದಳು. ಗುಂಡಿ ಒತ್ತಿದರೆ ತಿಮಿಂಗಿಲ ಮತ್ತೆ ಹಾಜರ್. ಕಿಟಕಿಗಳೂ ಮತ್ತೆ ಅಲ್ಲಾಡುತ್ತಿದ್ದವು.

“ಥತ್! ಕೊಟ್ಟವನ ಹಾಗೇ ಇದೆ ಇದೂ. ಹೇಳಿದ್ದು ತಲೆಗೇ ಹೋಗಲ್ಲ,” ಎಂದು ಬೈದು ಮತ್ತೆ ಬೂದುಗೋಡೆ ಹಾಕಿದ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ನಿಂತು, ಭಾನುವಾರ ಮಾಡಿದ್ದು ಯಾಕೆ ಉಳಿಯಲಿಲ್ಲ ಎಂದು ಯೋಚಿಸುತ್ತಿದ್ದರು. ಆದರೆ ತಿರಸ್ಕಾರ ಎನ್ನುವುದು ಒಳ್ಳೆಯ ಅನುಕೂಲದ ಗುಣ. ಯಾವುದಕ್ಕೂ ಕಾರಣ ಹುಡುಕುವ ಶ್ರಮವಿಲ್ಲ. ಎದುರಿಗಿರುವುದು ದಡ್ಡ ಎಂದರೆ ಮುಗಿಯಿತು. ತೆರೆಯ ಮೂಲೆಯಲ್ಲಿ ‘ಕಂಪ್ಯೂಟರಿಗೆ ಹಾಕಿ’ ಎಂದು ಒಂದು ಗುರುತು ಮಿನುಗುತ್ತಿತ್ತು. ಅದನ್ನು ಜಾಹೀರಾತೆಂದುಕೊಂಡು ಅದರ ಕಡೆ ನೋಡಲೂ ಇಲ್ಲ.

ಆದರೂ ನಿಜ ಹೇಳಬೇಕು. ಅರ್ಧ ಗಂಟೆಯಾಗುವಷ್ಟರಲ್ಲಿ ಶೀಲ್ಡಪ್ಪನ ಸಿಂಡರಿಸಿದ ಮುಖ ಸಡಿಲವಾಗಿತ್ತು. ಒತ್ತಿದ ಅಕ್ಷರ ಒತ್ತಿದೊಡನೆ ಬರುತ್ತಿತ್ತು. ನಡುವೆ ಬಂದು ಅದು ಕೊಳ್ಳಿ ಇದು ಕೊಳ್ಳಿ ಎಂದು ಯಾರೂ ಅಂಗಲಾಚುತ್ತಿರಲಿಲ್ಲ. ಯಂತ್ರದ ಫ್ಯಾನು ಕೂಡ ಆಸ್ತಮಾದವರಂತೆ ಏದುಸಿರು ಬಿಡುವುದನ್ನು ನಿಲ್ಲಿಸಿತ್ತು. ಬೂದು ಗೋಡೆಯ ಮೇಲೆ ಒಂದು ಬಿಳಿ ಹಾಳೆ, ಹಾಳೆಯ ಮೇಲೆ ಮಿಡಿಯುವ ಒಂದು ಗೆರೆ. ‘ಪರವಾಗಿಲ್ಲ’ ಎಂದುಕೊಂಡ. ಆಮೇಲೆ ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡವನಂತೆ ‘ಚೆನ್ನಾಗಿದೆ’ ಎಂದೂ ಅಂದುಕೊಂಡ.

ಬರೆಯುವುದು ಅಷ್ಟು ಸುಲಭವಾಗಲಿಲ್ಲ. ಮೊದಲು ಬಂದವೆಲ್ಲ ಅಂಗಡಿಯ ಮಾತುಗಳೇ. ‘ಕರ್ತವ್ಯನಿಷ್ಠೆ’ ಎಂದು ಬರೆದು, ಕ್ಲಬ್ಬಿನ ಕಾರ್ಯದರ್ಶಿಯ ಮುಖ ಕಣ್ಣಮುಂದೆ ಬಂದು ಅಳಿಸಿದ. ‘ನಗುಮೊಗದ ಸೇವೆ’ ಎಂದು ಬರೆದು ಅಳಿಸಿದ; ಅವಳ ಮೊಗವನ್ನು ಆ ಕೋಣೆಯಲ್ಲಿ ಕಂಡವರೇ ಇರಲಿಲ್ಲ. ಹಾಗಾದರೆ ಏನು ಮಾಡಿದಳು ಇವಳು? ಅವನು ಮೊಟ್ಟಮೊದಲ ಸಲ ಈ ಪ್ರಶ್ನೆಯನ್ನು ಕುಹಕವಿಲ್ಲದೆ ಕೇಳಿಕೊಂಡ. ಅವಳು ಆಗೊಮ್ಮೆ ಈಗೊಮ್ಮೆ ಹೇಳಿದ್ದು, ತಾನು ಅರ್ಧ ಕಿವಿಯಲ್ಲಿ ಕೇಳಿದ್ದು, ಒಂದೊಂದೇ ಬರತೊಡಗಿತು. ಮಧ್ಯಾಹ್ನದ ಊಟ ಮರೆತ. ಹೆಂಡತಿ ಪಾಳಿ ಮುಗಿಸಿ ಬಂದು ಚಹಾ ತಂದಿಟ್ಟಾಗ ತೆರೆಯನ್ನು ಎರಡು ಕೈಯಲ್ಲಿ ಮುಚ್ಚಿ, “ಹೋಗೇ ಆಚೆ, ನೋಡ್ಬೇಡ” ಎಂದ. ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೋದಳು. ಚಹಾ ಅಲ್ಲೇ ಆರಿ ಕೆನೆಗಟ್ಟಿತು.

ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ಉಳಿದದ್ದು ಇಷ್ಟು:

‘ಇವಳ ಕೋಣೆ ಮೆಟ್ಟಿಲ ಕೆಳಗಿತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಒಳಗಿರುವ ನಮ್ಮವರು ಬದುಕಿದ್ದಾರೆಯೇ ಎಂದು ಕೇಳಲು ಹೆದರಿ ಹೆದರಿ ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು ಇವಳ ದನಿಯನ್ನು. ಅಳುವವರ ಲೈನನ್ನು ಇವಳು ಒಮ್ಮೆಯೂ ಕಡಿಯಲಿಲ್ಲ. ಅವರು ಅತ್ತು ಮುಗಿಸಲೆಂದು ಕಾದಳು. ಮನೆಗೆ ಬಂದು ಗಂಡನ ಮಾತನ್ನೂ ಹಾಗೆಯೇ ಕೇಳಿಸಿಕೊಂಡಳು. ಅದರಲ್ಲಿ ಕೇಳುವಂಥದ್ದು ಹೆಚ್ಚೇನೂ ಇರಲಿಲ್ಲ.’

ಓದಿದ. ಇನ್ನೊಮ್ಮೆ ಓದಿದ. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ‘ಉಳಿಸು’ ಎಂಬ ಗುಂಡಿ ಒತ್ತಿದ. ಉಳಿಸಿದೆ ಎಂದು ಯಂತ್ರ ಹೇಳಿತು. ಎಲ್ಲಿ ಉಳಿಸಿದೆ ಎಂದು ಅವನು ಕೇಳಲಿಲ್ಲ; ಪೆನ್ ಡ್ರೈವ್ ಕಣ್ಣೆದುರಿಗೇ ಸಿಕ್ಕಿಸಿಕೊಂಡು ಕೂತಿತ್ತಲ್ಲ. ಆಫ್ ಮಾಡಿದಾಗ ತೆರೆ ಕಪ್ಪಾಗಿ, ‘ಪೆನ್ ಡ್ರೈವ್ ಹೊರತೆಗೆದು ಎಂಟರ್ ಒತ್ತಿ’ ಎಂಬ ಸಾಲು ಬಂತು. ‘ನೋಡು, ಇಷ್ಟಾದ್ರೂ ಶಿಸ್ತಿದೆ ಇದಕ್ಕೆ’ ಎಂದುಕೊಂಡು ಪೆನ್ ಡ್ರೈವ್ ಕಿತ್ತು, ಎಂದಿನಂತೆ ಅಂಗಿಯ ಜೇಬಿಗೆ ಹಾಕಿಕೊಂಡ. ಎಂಟರ್ ಒತ್ತಿದ. ಆ ಒಂದು ಒತ್ತಿಗೆ ಅವನ ಇಡೀ ದಿನ ಗಾಳಿಗೆ ಹೋಯಿತು. ಅದು ಅವನಿಗೆ ತಿಳಿದದ್ದು ಮಾತ್ರ ಮರುದಿನ.

ಶುಕ್ರವಾರ ಬೆಳಗ್ಗೆ ಹೆಂಡತಿ ಪೆಟ್ಟಿಗೆಯ ತಳದಿಂದ ಒಳ್ಳೆಯ ಸೀರೆ ತೆಗೆದಳು. ಬಾಗಿಲಲ್ಲಿ ಕೇಳಿದಳು. “ಮುಗೀತಾ ಬರ್ದು?”

ಶೀಲ್ಡಪ್ಪ ಜೇಬು ತಟ್ಟಿಕೊಂಡ. “ಇಲ್ಲಿದೆ.”

ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಆಸ್ಪತ್ರೆಯ ಅಟೆಂಡರ್ ಬಂದು ಕಟ್ಟೆಯ ಮೇಲೆ ಕೂತಿದ್ದ. ಫಲಕ ತೆಗೆದುಕೊಂಡೇ ಬರಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು. ಎದುರಿಗೆ ಏನು ಕಂಡರೂ ಗಟ್ಟಿಯಾಗಿ ಓದುವುದು ಅವನ ಚಟ. ಔಷಧಿ ಅಂಗಡಿಯ ಬೋರ್ಡು ಓದಿ ಮುಗಿಸಿ, ಈಗ ಶೀಲ್ಡಪ್ಪನ ಗಾಜಿನ ಕಪಾಟಿನಲ್ಲಿದ್ದ ಕಪ್ಪುಗಳ ಮೇಲಿನದನ್ನು ಓದಲು ಶುರುಮಾಡಿದ್ದ.

ಶೀಲ್ಡಪ್ಪ ಹಿತ್ತಾಳೆಯ ಹಲಗೆಯನ್ನು ಯಂತ್ರಕ್ಕೆ ಬಿಗಿದ. ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡ ಹಲಗೆ ಅದು. ಪೆನ್ ಡ್ರೈವ್ ಸಿಕ್ಕಿಸಿ ತೆರೆದು ನೋಡಿದ. ಅರ್ಥವಾಗದ ಹೆಸರಿನ ಹತ್ತಾರು ಕಡತಗಳು. ಎಲ್ಲವನ್ನೂ ತೆರೆದ. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಫಲಕವಿಲ್ಲ. ಕಡ್ಡಿಯನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಇಲ್ಲ.

ಆಗ ಎಲ್ಲಿಂದಲೋ ಬಿಸ್ಕತ್ತಿನ ಪುಡಿಯ ಜೊತೆಗೇ ಆ ಮಾತು ಬಂತು. ಆಫ್ ಮಾಡಿದ್ರೆ ಏನೂ ಉಳಿಯಲ್ಲ ಭಾವಾ. ಏನೂ ಉಳಿಯಲ್ಲ. ಎಲ್ಲಾ ಅಳಿಸಿಹೋಗತ್ತೆ.

ಶೀಲ್ಡಪ್ಪನ ಕೈ ಫೋನಿನ ಕಡೆ ಹೋಯಿತು. ಭಾಮೈದನ ಹೆಸರು ಒತ್ತಿ, ಕರೆ ಹೋಗುವ ಮೊದಲೇ ಕತ್ತರಿಸಿದ. ಕೇಳುವುದಾದರೂ ಏನನ್ನು? ಅಯ್ಯೋ ಭಾವಾ, ನಾನು ಹೇಳಿದ್ನಲ್ಲ, ನಾನು ಹೇಳಿದ್ನಲ್ಲ, ನಾನು ಹೇಳಿದ್ನಲ್ಲ, ಎಂದು ಮೂರು ಸಲ ಕೇಳಿಸಿಕೊಳ್ಳಬೇಕು. ಆಮೇಲೆ ಅದು ಬಂಧುಬಳಗದಲ್ಲೆಲ್ಲ ಸುತ್ತಿ, ಇನ್ನು ಹತ್ತು ವರ್ಷ ಪ್ರತಿ ಊಟದಲ್ಲೂ ಬಡಿಸಿಕೊಳ್ಳಬೇಕು. ಜೇನುನೊಣ ಸಾಕಲು ಬರದವನ ಕೈಲಿ!

ಇಲ್ಲೇ ಮತ್ತೆ ಬರೆದರಾಯಿತು ಎಂದು ಮುದಿ ಪೆಟ್ಟಿಗೆಯ ಮುಂದೆ ಕೂತ. ಮಾತುಗಳೇನೂ ಪೂರ್ತಿ ಮರೆತಿರಲಿಲ್ಲ. ‘ಇವಳ ಕೋಣೆ ಮೆಟ್ಟಿಲ ಕೆಳಗಿತ್ತು’ ಎಂದು ಹೊಡೆದ. ‘ಅಳುವವರ ಲೈನನ್ನು’ ಎಂದು ಹೊಡೆಯುವಷ್ಟರಲ್ಲಿ ಬೆನ್ನ ಹಿಂದೆ ದನಿ ಎದ್ದಿತು.

“ಇವಳ ಕೋಣೆ ಮೆಟ್ಟಿಲ ಕೆಳಗಿತ್ತು!” ಎಂದು ಅಟೆಂಡರ್ ಪಾಠ ಒಪ್ಪಿಸುವವನಂತೆ ಗಟ್ಟಿಯಾಗಿ ಓದಿದ. “ಅಳುವವರ ಲೈನನ್ನು... ಏನ್ ಸಾರ್ ಇದು? ಕತೆನಾ?”

ಬೀಗದ ಕೈಯವನು ಗೂಡಿನಿಂದ ತಲೆ ಹೊರಗೆ ಹಾಕಿದ. ಔಷಧಿ ಅಂಗಡಿಯವನೂ ಇಣುಕಿದ. ಶೀಲ್ಡಪ್ಪನ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಈ ಮೇಜಿನ ಆಚೆ ನಿಂತು ಹಲ್ಲು ಕಿರಿದವರನ್ನೆಲ್ಲ ಅವನು ಈಚೆ ಕೂತು ಅಳೆದಿದ್ದ. ಈಗ ಅವನೇ ಆಚೆ ನಿಂತಂತಾಯಿತು. ತೆರೆಯ ಮೇಲಿನ ಸಾಲನ್ನು ನೋಡಿದ. ಅಟೆಂಡರನ ದನಿಯಲ್ಲೇ ಅದು ಕೇಳಿಸಿತು. ಹೆಂಡತಿಯನ್ನು ಹೊಗಳುವ ಗಂಡ! ಇಂಥ ಚೀಟಿಯನ್ನು ಬೇರೆ ಯಾವನಾದರೂ ತಂದಿದ್ದರೆ ಇವನು ರಾತ್ರಿ ಊಟಕ್ಕೆ ಅವನನ್ನು ಸಿಗಿದು ತೋರಣ ಕಟ್ಟುತ್ತಿದ್ದ.

“ಕತೆ ಅಲ್ಲ. ಯಂತ್ರ ಸರಿ ಇದ್ಯಾ ಅಂತ ಸುಮ್ನೆ ಏನೋ ಹೊಡೆದು ನೋಡ್ದೆ,” ಎಂದ. ಇದ್ದುದನ್ನೆಲ್ಲ ಅಳಿಸಿದ. ಕೈ ತಾನಾಗಿ ನಡೆಯಿತು. ಅದಕ್ಕೆ ಯೋಚನೆಯೇ ಬೇಕಿರಲಿಲ್ಲ. ಸಾವಿರ ಸಲ ನಡೆದ ದಾರಿ.

ಯಂತ್ರ ಕಿರ್ರೆಂದು ಕೊರೆಯಿತು. ಅಟೆಂಡರ್ ಒಂದೊಂದೇ ಪದ ಮೂಡಿದ ಹಾಗೆ ಓದುತ್ತ ಹೋದ. “ದೀರ್ಘ... ಕಾಲದ... ಅಮೂಲ್ಯ... ಸೇವೆಯ... ಹಾಂ! ಇದು ಫಲಕ ನೋಡಿ ಸಾರ್!”

ಸಮಾರಂಭದಲ್ಲಿ ಸೂಪರಿಂಟೆಂಡೆಂಟ್ ಫಲಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. “ದೀರ್ಘಕಾಲದ ಅಮೂಲ್ಯ ಸೇವೆಯ ಸವಿನೆನಪಿಗಾಗಿ,” ಎಂದು ಮೈಕಿನಲ್ಲಿ ಓದಿ, “ಇದನ್ನ ಬೇರೆ ಯಾರೋ ಬರೆದದ್ದಲ್ಲ, ಅವರ ಯಜಮಾನ್ರೇ ಕೂತು ಬರೆದದ್ದು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ!” ಎಂದ. ಚಪ್ಪಾಳೆ ಬಿತ್ತು. ಹೆಂಡತಿ ಫಲಕ ತೆಗೆದುಕೊಂಡು ಅಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಕೊನೆಯ ಸಾಲಿನಲ್ಲಿ ಕೂತಿದ್ದ ಗಂಡನನ್ನು ನೋಡಿದಳು. ಒಂದೇ ಸಲ. ಶೀಲ್ಡಪ್ಪ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದ.

ಮನೆಗೆ ಬಂದರೆ ಭಾಮೈದ ಆಗಲೇ ಬಂದು ಬಾಗಿಲ ಮುಂದೆ ಕೂತಿದ್ದ. ಮಧ್ಯಾಹ್ನ ಫಿಲ್ಟರ್ ಜೋಡಿಸುವ ಕೆಲಸವಿತ್ತು, ಸಮಾರಂಭಕ್ಕೆ ಬರಲಾಗಲಿಲ್ಲ ಎಂದು ಅಕ್ಕನಿಗೆ ಮೂರು ಸಲ ಹೇಳಿದ. ಒಳಗೆ ಬಂದು ಫಲಕ ಕೈಗೆತ್ತಿಕೊಂಡು ಓದಿ, ತಿರುಗಿಸಿ ಹಿಂಬದಿಯನ್ನೂ ನೋಡಿದ. ಅಲ್ಲಿ ಏನೂ ಇರಲಿಲ್ಲ. ಮೆಲ್ಲಗೆ ಮೇಜಿನ ಮೇಲಿಟ್ಟು ಮಾತು ಬದಲಾಯಿಸಿದ.

“ಭಾವಾ, ಹೊಸ ಡೆಸ್ಕ್‌ಟಾಪು ಹೆಂಗನ್ನಿಸ್ತು? ಇಷ್ಟ ಆದ್ರೆ ಇವತ್ತೇ ಹಾಕ್ಕೊಟ್ ಹೋಗ್ತೀನಿ. ಅಂದಹಾಗೆ ಅದ್ರಲ್ಲಿ ಏನೂ ಕೆಲ್ಸ ಮಾಡಿಲ್ಲ ತಾನೇ? ಉಳಿಯಲ್ಲ ಅಂದಿದ್ದೆ.”

ಹೆಂಡತಿ ಸೀರೆಯ ಪಿನ್ನು ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು. ತಮ್ಮನನ್ನು ನೋಡಿದಳು, ಗಂಡನನ್ನು ನೋಡಿದಳು. ಕಣ್ಣಲ್ಲಿ ಏನೋ ಸಣ್ಣದಾಗಿ ಬೆಳಗಿತು.

“ರೀ,” ಎಂದಳು. “ನಿನ್ನೆ ಇಡೀ ದಿನ ಕೂತು ಬರೆದ್ರಲ್ಲ. ಅದ್ರಲ್ಲೇ ತಾನೇ ಬರೆದಿದ್ದು?”

ಬಾಗಿಲು ತೆರೆದು ಅವಳೇ ಪಕ್ಕಕ್ಕೆ ನಿಂತು ದಾರಿ ಬಿಟ್ಟಂತಿತ್ತು ಆ ಮಾತು. ಹೂಂ ಎಂದರೆ ಸಾಕಿತ್ತು. ನಿನ್ನ ತಮ್ಮ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ, ಬರೆದದ್ದು ಬೇರೆ ಇತ್ತು, ಹೋಯಿತು, ಎಂದರೆ ಮುಗಿಯುತ್ತಿತ್ತು. ಬರೆದದ್ದರಲ್ಲಿ ಅರ್ಧವಾದರೂ ಬಾಯಲ್ಲೇ ಹೇಳಬಹುದಿತ್ತು. ಶೀಲ್ಡಪ್ಪನ ನಾಲಿಗೆಯ ತುದಿಯಲ್ಲೇ ಇತ್ತು ಅದು. ಅಷ್ಟರಲ್ಲಿ ಭಾಮೈದನ ಕಡೆ ಕಣ್ಣು ಹೋಯಿತು. ಅವನು ಬಿಸ್ಕತ್ತು ತುಂಬಿದ ಬಾಯನ್ನು ಅರ್ಧ ತೆರೆದು, ಹುಬ್ಬೇರಿಸಿ, ‘ನಾನು ಹೇಳಿದ್ನಲ್ಲ’ ಎನ್ನಲು ಸಿದ್ಧನಾಗಿ ಕೂತಿದ್ದ. ಅಂಗಿಯ ಮೇಲೆ ಪುಡಿ ಉದುರುತ್ತಿತ್ತು.

“ಅದ್ರಲ್ಲಾ?” ಎಂದ ಶೀಲ್ಡಪ್ಪ. ಮೂಗು ತಾನಾಗಿ ಮೇಲಕ್ಕೇರಿತು. “ಆ ಮೀನಿನ ಆಟದ ಸಾಮಾನಲ್ಲಿ ನಾನು ಕೆಲ್ಸ ಮಾಡ್ತೀನಾ? ಅದನ್ನ ಮುಟ್ಟೇ ಇಲ್ಲ. ತಗೊಂಡ್ ಹೋಗಪ್ಪಾ ನಿನ್ನ ಕಡ್ಡಿನ.” ಜೇಬಿನಿಂದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲೆ ಎಸೆದ. “ಹಳೇದ್ರಲ್ಲೇ ಬರ್ದೆ. ಏನ್ ಬರ್ದೆನೋ ಅದೇ ಫಲಕದ ಮೇಲಿದೆ.”

ಭಾಮೈದ ಪೆನ್ ಡ್ರೈವ್ ಎತ್ತಿಕೊಂಡು ಪ್ಯಾಂಟಿಗೆ ಒರೆಸಿ ಜೇಬಿಗೆ ಹಾಕಿಕೊಂಡ. ಅಂಗಿಯ ಮೇಲಿನ ಪುಡಿಯನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡ.

ಹೆಂಡತಿ ಫಲಕವನ್ನು ಕೈಗೆ ತೆಗೆದುಕೊಂಡಳು. ದೂರ ಹಿಡಿದು ನೋಡಿದಳು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ಫೋನಿನಲ್ಲಿ ಅಪರಿಚಿತರ ಜೊತೆ ಮಾತಾಡುವಾಗಿನ ಆ ಸೌಮ್ಯವಾದ ದನಿ.

“ಅಕ್ಷರ ಚೆನ್ನಾಗಿ ಬಂದಿದೆ ಬಿಡಿ,” ಎಂದಳು.

ಫಲಕವನ್ನು ಕಂಪ್ಯೂಟರಿನ ಪಕ್ಕಕ್ಕೆ ಒರಗಿಸಿಟ್ಟು, ಒಳಗೆ ಹೋಗಿ ಒಲೆ ಹಚ್ಚಿದಳು. ಆ ರಾತ್ರಿ ಊಟಕ್ಕೆ ಕೂತಾಗ ಶೀಲ್ಡಪ್ಪ ಅಟೆಂಡರನ ಓದುವ ಚಟದ ಬಗ್ಗೆ ಹೇಳಲು ಬಾಯಿ ತೆರೆದ. ಅವಳು ಎದ್ದು, ನೀರಿನ ಚೊಂಬು ತರಲು ಹೋದಳು.